ಫ್ಲಾರೆನ್ಸ್ ನೈಟಿಂಗೇಲ್: ಶುಶ್ರೂಷೆಗೆ ಕಣ್ಣು ಕೊಟ್ಟವರು

ಪ್ರತಿ ವರ್ಷ ಮೇ 12ರಂದು ವಿಶ್ವ ದಾದಿಯರ ದಿನ ಆಚರಿಸುತ್ತೇವೆ. ಅಂದು ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರವೊಂದನ್ನು ಇಡುತ್ತಾರೆ. ಅವರು ಫ್ಲಾರೆನ್ಸ್ ನೈಟಿಂಗೇಲ್. ದಯೆ, ಕರುಣೆ ಎಂಬ ಮಾತುಗಳಲ್ಲೇ ಅವರ ಪರಿಚಯ ಮುಗಿದುಬಿಡುತ್ತದೆ. ಆದರೆ ರಾತ್ರಿ ದೀಪ ಹಿಡಿದು ವಾರ್ಡಿನಲ್ಲಿ ಅವರು ಏನನ್ನು ನೋಡುತ್ತಿದ್ದರು, ನೋಡಿದ್ದನ್ನು ಏನು ಮಾಡುತ್ತಿದ್ದರು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ ಕಾರಣ ಆ ಊರಿನ ಹೆಸರನ್ನೇ ಅವರಿಗೆ ಇಟ್ಟರು. ಅನುಕೂಲಸ್ಥ ಇಂಗ್ಲಿಷ್ ಕುಟುಂಬ. ತಂದೆಯೇ ಮನೆಯಲ್ಲಿ ಪಾಠ ಹೇಳಿದರು. ಗಣಿತದಲ್ಲಿ ಅವರಿಗೆ ಬಹಳ ಆಸಕ್ತಿ. ಆ ಕಾಲದಲ್ಲಿ ಆಸ್ಪತ್ರೆಯ ದಾದಿಯ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಒಳ್ಳೆಯ ಮನೆತನದ ಹೆಣ್ಣುಮಗಳು ಆ ಕೆಲಸಕ್ಕೆ ಹೋಗುವುದೆಂದರೆ ಮನೆಯವರಿಗೆ ಅವಮಾನ. ವರ್ಷಗಟ್ಟಲೆ ವಿರೋಧ ಎದುರಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಅವರು ಸುಮಾರು ಮೂರು ತಿಂಗಳು ತರಬೇತಿ ಪಡೆದರು.

1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಸಿಕ್ಕಿತು. ಅಲ್ಲಿ ಅವರು ಮೊದಲು ಕೇಳಿದ್ದು ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ, ಊಟ ಮೇಲಕ್ಕೆ ಎಳೆಯುವ ರಾಟೆ, ಮತ್ತು ಯಾವ ರೋಗಿ ಗಂಟೆ ಬಾರಿಸಿದರೆಂದು ದಾದಿಗೆ ತಕ್ಷಣ ಕಣ್ಣಿಗೆ ಕಾಣುವಂಥ ಕರೆಗಂಟೆ. ದಾದಿಯ ಕಾಲು ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಸವೆದರೆ ರೋಗಿಯ ಬಳಿ ನಿಲ್ಲಲು ಆಕೆಗೆ ಸಮಯವೆಲ್ಲಿ?

ಮರುವರ್ಷ ಕ್ರಿಮಿಯಾ ಯುದ್ಧ. 38 ದಾದಿಯರೊಂದಿಗೆ ಹೊರಟ ನೈಟಿಂಗೇಲ್ 1854ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ನ ಎದುರು ದಡದ ಉಸ್ಕುದಾರ್ ತಲುಪಿದರು. ಇಂಗ್ಲಿಷರು ಅದನ್ನು ಸ್ಕುಟಾರಿ ಎನ್ನುತ್ತಿದ್ದರು. ತುರ್ಕಿ ಸರ್ಕಾರ ಬಿಟ್ಟುಕೊಟ್ಟಿದ್ದ ಸೆಲಿಮಿಯೆ ಎಂಬ ಭಾರಿ ಸೈನಿಕ ವಸತಿಯೇ ಆಸ್ಪತ್ರೆ. ಅವರು ಬಟ್ಟೆ ಒಗೆಸಿದರು, ಅಡುಗೆ ಸರಿಪಡಿಸಿದರು, ಹಾಸಿಗೆ, ಪಾತ್ರೆ ತರಿಸಿದರು. ಆದರೂ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಅಲ್ಲಿ ಸೇರಿದ ಪ್ರತಿ 100 ಮಂದಿಯಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಮಾರ್ಚ್‌ನಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗ ಬಂತು. ಕಟ್ಟಡದ ಕೆಳಗೆ ಮಲಮೂತ್ರದ ಚರಂಡಿ ಕಟ್ಟಿಕೊಂಡಿತ್ತು; ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಚರಂಡಿ ತೊಳೆಸಿ, ಗಾಳಿಗೆ ದಾರಿ ಮಾಡಿದ ಮೇಲೆ ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

1856ರಲ್ಲಿ ಊರಿಗೆ ಮರಳಿದಾಗ ದೇಶವೇ ಅವರನ್ನು ಹೊಗಳುತ್ತಿತ್ತು. ಆ ಹೊಗಳಿಕೆಯಲ್ಲಿ ಹಾಯಾಗಿ ಇದ್ದುಬಿಡಬಹುದಿತ್ತು. ಅವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಸೇರಿ ಸತ್ತವರ ಲೆಕ್ಕ ಹಿಡಿದು ಕೂತರು. ಗುಂಡೇಟಿಗಿಂತ ರೋಗದಿಂದ ಸತ್ತವರೇ ಎಷ್ಟೋ ಪಾಲು ಹೆಚ್ಚು. ಅದಕ್ಕಿಂತ ಕಹಿಯಾದ ಸಂಗತಿ, ಸಾವು ಅತಿ ಹೆಚ್ಚಾಗಿದ್ದ ಜಾಗಗಳಲ್ಲಿ ತಾವೇ ಇದ್ದ ಸ್ಕುಟಾರಿಯೂ ಒಂದು. ಅದನ್ನು ಅವರು ಮುಚ್ಚಿಡದೆ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಬರೆದರು, 1858ರಲ್ಲಿ ಬಣ್ಣದ ವೃತ್ತಚಿತ್ರಗಳಲ್ಲಿ ಯಾರಿಗೂ ಅರ್ಥವಾಗುವಂತೆ ತೋರಿಸಿದರು. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಕೆಲಸ ಇದೇ. ಅದೇ ವರ್ಷ ಅವರು ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು.

ಶುಶ್ರೂಷೆಯ ಬಗ್ಗೆ ಅವರು ಬರೆದ ಸಣ್ಣ ಪುಸ್ತಕ ಹೊರಬಂದದ್ದು 1859ರ ಕೊನೆಗೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿಯೇ ಬರೆದದ್ದು. ರೋಗಿ ಉಣ್ಣುತ್ತಿಲ್ಲ ಎಂದರೆ ಹಸಿವಿಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಅವರು ಅದನ್ನು ನಾಲ್ಕಾಗಿ ಬಿಡಿಸುತ್ತಾರೆ: ಅಡುಗೆ ಕೆಟ್ಟಿದೆಯೇ, ಕೊಟ್ಟ ಆಹಾರವೇ ತಪ್ಪೇ, ಕೊಟ್ಟ ಹೊತ್ತು ತಪ್ಪೇ, ಅಥವಾ ನಿಜಕ್ಕೂ ಹಸಿವಿಲ್ಲವೇ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳುವುದನ್ನು ಅವರು ಒಪ್ಪುವುದಿಲ್ಲ. ಎಷ್ಟು ಗಂಟೆ, ರಾತ್ರಿಯ ಯಾವ ಹೊತ್ತಿನಲ್ಲಿ ಎಂದು ಕೇಳಬೇಕು. ಬೆಳಗಿನ ಜಾವಕ್ಕೆ ರೋಗಿಯ ಮೈ ತಣ್ಣಗಾಗುತ್ತದೆ, ಆಗ ಪಾದ ಮುಟ್ಟಿ ನೋಡಬೇಕು, ಬೇಸಿಗೆಯಲ್ಲೂ ಸಹ. ದಾದಿ ದಿನದಲ್ಲಿ ಮತ್ತೆ ಮತ್ತೆ ಕೈ ತೊಳೆಯಬೇಕು. ಇನ್ನೊಂದು ಮಾತು ಇಂದಿಗೂ ಪಾಳಿ ಬದಲಾಗುವ ಹೊತ್ತಿಗೆ ಬಹಳ ಮುಖ್ಯ: ತಾನಿದ್ದಾಗ ಮಾಡುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡಿ ಹೋಗುವುದೂ ದಾದಿಯ ಹೊಣೆಯೇ.

ಅವರ ಪಟ್ಟಿಯಲ್ಲಿ ಮೊದಲನೆಯದು ಗಾಳಿ. ಸಕಲೇಶಪುರ, ಆಲೂರು ಕಡೆಯ ನಮ್ಮ ಮಳೆಗಾಲದಲ್ಲಿ ರೋಗಿ ಮಲಗಿದ ಕೋಣೆಯ ಕಿಟಕಿ ತೆರೆದರೆ ಹಿರಿಯರು ಬೈಯುತ್ತಾರೆ. ಆ ಭಯವನ್ನು ಅವರೂ ಬಲ್ಲರು. ರೋಗಿಗೆ ಕಂಬಳಿ ಹೊದಿಸಿ, ಬಿಸಿನೀರಿನ ಸೀಸೆ ಇಟ್ಟು ಬೆಚ್ಚಗಿಡಿ, ಆದರೆ ಕೋಣೆಯ ಗಾಳಿ ಹೊರಗಿನಷ್ಟೇ ಶುದ್ಧವಾಗಿರಲಿ ಎನ್ನುವುದು ಅವರ ಸೂತ್ರ. ಹಾಗೆಂದು ಎಲ್ಲವೂ ಅವರಿಗೆ ಸರಿಯಾಗಿ ತಿಳಿದಿತ್ತೆಂದಲ್ಲ. ರೋಗ ಹರಡುವುದು ಕೆಟ್ಟ ಗಾಳಿಯಿಂದ ಎಂದೇ ಬಹುಕಾಲ ನಂಬಿದ್ದ ಅವರು, ರೋಗಾಣುಗಳ ವಿಚಾರವನ್ನು ಒಪ್ಪಲು ತಡಮಾಡಿದರು.

1860ರಲ್ಲಿ ಜನರು ಕೊಟ್ಟ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ದಾದಿಯರ ಶಾಲೆ ಆರಂಭವಾಯಿತು. ಅದೇ ನಿಧಿಯಿಂದ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆ ಹೆರಿಗೆ ವಾರ್ಡೂ ನಡೆಯಿತು. ಅಲ್ಲಿ ಬಾಣಂತಿ ಜ್ವರದಿಂದ ತಾಯಂದಿರು ಸಾಯತೊಡಗಿದಾಗ 1867ರಲ್ಲಿ ಅದನ್ನು ಮುಚ್ಚಲಾಯಿತು. ಸುಮ್ಮನೆ ಬಿಡದೆ ಅವರು ಬೇರೆ ಬೇರೆ ಆಸ್ಪತ್ರೆಗಳ ಹೆರಿಗೆ ಸಾವುಗಳ ಅಂಕಿ ಕಲೆಹಾಕಿ, ಮನೆಯ ಹೆರಿಗೆಯೊಂದಿಗೆ ಹೋಲಿಸಿ, 1871ರಲ್ಲಿ ಪುಸ್ತಕ ಮಾಡಿದರು. ಆಸ್ಪತ್ರೆ ರೋಗಿಗೆ ಕೇಡು ಮಾಡಬಾರದು ಎಂಬುದು ಅವರಿಗೆ ಬರೀ ಮಾತಾಗಿರಲಿಲ್ಲ.

ಭಾರತಕ್ಕೆ ಅವರು ಬರಲೇ ಇಲ್ಲ. ಕ್ರಿಮಿಯಾದಲ್ಲಿ ಹತ್ತಿದ ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಆದರೆ ಇಲ್ಲಿನ ಸೈನಿಕ ಠಾಣ್ಯಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಕಾಗದದ ರಾಶಿಯನ್ನು ಮಲಗಿದಲ್ಲೇ ಓದಿದರು. 1863ರ ವರದಿಗೆ ಅವರು ಬರೆದ ಟಿಪ್ಪಣಿಯಲ್ಲಿ ನಮ್ಮ ಬೆಂಗಳೂರಿನ ಹಲಸೂರು ಕೆರೆಯೂ ಬರುತ್ತದೆ: ಬಜಾರಿನ ಮತ್ತು ಸೈನಿಕ ವಸತಿಗಳ ಕೊಳಕೆಲ್ಲ ಹರಿದು ಸೇರುವ ಕೆರೆಯ ನೀರನ್ನೇ ಕುಡಿಯಲು ಬಳಸುತ್ತಿದ್ದಾರೆಂದು ಅವರು ಎತ್ತಿ ತೋರಿಸಿದರು. ಒಳ್ಳೆಯ ಠಾಣ್ಯವೆಂದು ಹೆಸರಾದ ಊರಿನ ಸ್ಥಿತಿ ಅದು. 1865ರಲ್ಲಿ ಭಾರತದ ಆಸ್ಪತ್ರೆಗಳ ಶುಶ್ರೂಷೆಗೂ ಸಲಹೆಗಳನ್ನು ಬರೆದುಕೊಟ್ಟರು.

ಮುಪ್ಪಿನಲ್ಲಿ ಕಣ್ಣು ಮಂಜಾಯಿತು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ತಮ್ಮ 90ನೇ ವಯಸ್ಸಿನಲ್ಲಿ ಲಂಡನ್ನಿನ ಮನೆಯಲ್ಲಿ ತೀರಿಕೊಂಡರು. ರಾಜಮನೆತನದವರು, ಕವಿಗಳು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಕೊಡುತ್ತೇವೆಂದರೂ ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಹಳ್ಳಿಯ ಸಮಾಧಿಯ ಕಲ್ಲಿನ ಮೇಲೆ ಅವರ ಹೆಸರಿನ ಎರಡು ಮೊದಲಕ್ಷರ, ಹುಟ್ಟು ಸಾವುಗಳ ಕಾಲ, ಇಷ್ಟೇ ಇವೆ.