ಹಿಟ್ಟಿನ ಹುಳ ಹೇಳಿದ ಲೆಕ್ಕ: ನೆಟ್ಟಿ ಸ್ಟೀವನ್ಸ್

ನಾನು ನಮ್ಮ ಮನೆಯ ಮೂರನೆಯ ಹುಡುಗಿ. ಇರುವುದು ಧಾರವಾಡ ಪೇಢೆಯ ಸೀಮೆಯಲ್ಲಿ, ಆದರೂ ನಾನು ಹುಟ್ಟಿದ ದಿನ ಮನೆಗೆ ಪೇಢೆ ಬರಲಿಲ್ಲವಂತೆ. ದಾದಿ (ನಮ್ಮ ಮನೆಯಲ್ಲಿ ದಾದಿ ಎಂದರೆ ನರ್ಸ್ ಅಲ್ಲ, ಅಬ್ಬಾನ ತಾಯಿ) ಮೂರು ದಿನ ಅಮ್ಮಿಯ ಜೊತೆ ಮಾತಾಡಲಿಲ್ಲವಂತೆ. ಗಂಡು ಹೆರದವಳು ಎಂಬ ಮಾತನ್ನು ಅಮ್ಮಿ ಇಂದಿಗೂ ಮದುವೆ ಮನೆಗಳಲ್ಲಿ ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಹತ್ತನೆಯ ತರಗತಿಯಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳ ಪಾಠ ಬಂದಾಗ ಅದನ್ನು ಎರಡೆರಡು ಸಲ ಓದಿದೆ. ಪಿಯುಸಿಗೆ ಕಾಮರ್ಸ್ ತೆಗೆದುಕೊಂಡರೂ ಇದನ್ನು ಮೊದಲು ಕಂಡವರು ಯಾರು ಎಂಬ ಕುತೂಹಲ ಹೋಗಲಿಲ್ಲ. ಹುಡುಕಿದಾಗ ಸಿಕ್ಕವರು ನೆಟ್ಟಿ ಸ್ಟೀವನ್ಸ್.

ಅವರು ಹುಟ್ಟಿದ್ದು 1861ರ ಜುಲೈ 7ರಂದು, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ತಂದೆ ಬಡಗಿ. ತಾಯಿ ತೀರಿಕೊಂಡಾಗ ನೆಟ್ಟಿ ಇನ್ನೂ ಎಳೆಯ ಮಗು. ಓದಿನಲ್ಲಿ ಜಾಣೆ, ಆದರೆ ಕೈಯಲ್ಲಿ ಹಣವಿಲ್ಲ. ಶಾಲೆಯಲ್ಲಿ ಪಾಠ ಹೇಳಿದರು, ಗ್ರಂಥಾಲಯದಲ್ಲಿ ದುಡಿದರು, ಸಂಬಳದಲ್ಲಿ ಉಳಿಸಿದರು. ಹೀಗೆ ವರ್ಷಗಟ್ಟಲೆ ಕೂಡಿಟ್ಟು 1896ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದಾಗ ಅವರಿಗೆ 35 ವರ್ಷ. ಮುಂದೆ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿನಲ್ಲಿ 1903ಕ್ಕೆ ಪಿಎಚ್‌.ಡಿ. ಮುಗಿಸಿದರು.

ಆ ಕಾಲದ ದೊಡ್ಡ ದೊಡ್ಡ ವಿಜ್ಞಾನಿಗಳೂ ಗಂಡು ಹೆಣ್ಣು ನಿರ್ಧಾರವಾಗುವುದು ತಾಯಿಯ ಆಹಾರದಿಂದಲೋ ಹವಾಮಾನದಿಂದಲೋ ಎಂದು ನಂಬಿದ್ದರು. ನೆಟ್ಟಿ ನಂಬುತ್ತಾ ಕೂರಲಿಲ್ಲ, ಎಣಿಸಿದರು. ಎಣಿಸಿದ್ದು ಹಿಟ್ಟಿನ ಹುಳದ ವರ್ಣತಂತುಗಳನ್ನು. ನಾವು ಜೋಳದ ಹಿಟ್ಟು ಸಾಣಿಸುವಾಗ ಮುಖ ಸಿಂಡರಿಸಿ ಎಸೆಯುತ್ತೇವಲ್ಲ, ಅಂಥದೇ ಬಳಗದ ಹುಳ ಅದು. ಹೆಣ್ಣು ಹುಳದ ಜೀವಕೋಶದಲ್ಲಿ 20 ದೊಡ್ಡ ವರ್ಣತಂತುಗಳಿದ್ದವು. ಗಂಡಿನಲ್ಲಿ 19 ದೊಡ್ಡವು, ಒಂದು ಮಾತ್ರ ಪುಟ್ಟದು. ಹಾಗಾಗಿ ಅಂಡಾಣುಗಳೆಲ್ಲ ಒಂದೇ ಬಗೆ, ಪ್ರತಿಯೊಂದರಲ್ಲೂ 10 ದೊಡ್ಡವು. ವೀರ್ಯಾಣುಗಳಲ್ಲಿ ಮಾತ್ರ ಎರಡು ಬಗೆ: ಅರ್ಧದಷ್ಟರಲ್ಲಿ 10 ದೊಡ್ಡವು, ಉಳಿದರ್ಧದಲ್ಲಿ 9 ದೊಡ್ಡವು ಮತ್ತು ಆ ಪುಟ್ಟದು. ಪುಟ್ಟದನ್ನು ಹೊತ್ತ ವೀರ್ಯಾಣು ಅಂಡಾಣುವನ್ನು ಸೇರಿದರೆ ಗಂಡು, ಇಲ್ಲವಾದರೆ ಹೆಣ್ಣು. ಆ ಪುಟ್ಟದನ್ನೇ ಇಂದು ವೈ ಎನ್ನುತ್ತೇವೆ. ಮನುಷ್ಯರಲ್ಲೂ ನಡೆಯುವುದು ಇದೇ. 1905ರಲ್ಲಿ ಈ ಲೆಕ್ಕ ಅಚ್ಚಾಯಿತು. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳುವುದಾದರೆ, ಶತಮಾನಗಳಿಂದ ತಪ್ಪು ಖಾತೆಗೆ ಡೆಬಿಟ್ ಆಗುತ್ತಿತ್ತು.

ಹಾಗೆಂದು ಆ ಡೆಬಿಟ್ಟನ್ನು ತಂದೆಯ ಖಾತೆಗೆ ಹಾಕಿದರೂ ತಪ್ಪೇ. ಯಾವ ವೀರ್ಯಾಣು ಮೊದಲು ತಲುಪಬೇಕು ಎಂದು ಅಬ್ಬಾನೂ ಆರಿಸಲಿಲ್ಲ. ತಂದೆಯ ದೇಹಸ್ಥಿತಿ ಈ ಪ್ರಮಾಣವನ್ನು ಸ್ವಲ್ಪ ಅತ್ತಿತ್ತ ಸರಿಸಬಹುದು ಎಂಬುದಕ್ಕೆ ಒಂದು ಉದಾಹರಣೆ ಓದಿದೆ. 1976ರಲ್ಲಿ ಇಟಲಿಯ ಸೆವೆಸೊ ಪಟ್ಟಣದ ಬಳಿ ಕಾರ್ಖಾನೆಯಿಂದ ಡಯಾಕ್ಸಿನ್ ವಿಷ ಸೋರಿತು. ಚಿಕ್ಕ ವಯಸ್ಸಿನಲ್ಲಿ ಅದು ಮೈಸೇರಿದ ಹುಡುಗರು ಮುಂದೆ ತಂದೆಯರಾದಾಗ ಅವರಿಗೆ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟಿದರು. ತಾಯಂದಿರ ಮೈಯಲ್ಲಿದ್ದ ವಿಷದಿಂದ ಅಂಥ ವ್ಯತ್ಯಾಸ ಕಾಣಲಿಲ್ಲ.

ನೆಟ್ಟಿಗೆ ಸಿಗಬೇಕಾದ ಹೆಸರು ಪೂರ್ತಿ ಸಿಗಲಿಲ್ಲ. ಅದೇ ವರ್ಷ ಎಡ್ಮಂಡ್ ವಿಲ್ಸನ್ ಕೂಡ ಬೇರೆ ಕೀಟಗಳಲ್ಲಿ ಇಂಥದೇ ಸಂಗತಿ ಕಂಡಿದ್ದರು, ಪುಸ್ತಕಗಳಲ್ಲಿ ಬಹುಕಾಲ ಅವರದೇ ಹೆಸರು ಮುಂದಿತ್ತು. ಬ್ರಿನ್ ಮಾರ್‌ನಲ್ಲಿ ನೆಟ್ಟಿಗೆ ಕಲಿಸಿದ್ದ ಥಾಮಸ್ ಮಾರ್ಗನ್ ಮೊದಮೊದಲು ಇದನ್ನು ಒಪ್ಪಿರಲಿಲ್ಲ. ಆಮೇಲೆ ವರ್ಣತಂತುಗಳ ಕೆಲಸಕ್ಕೇ 1933ರಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಇದು ಸಿಟ್ಟು ತರಿಸುತ್ತದೆ. ಬ್ರಿನ್ ಮಾರ್ ಕಾಲೇಜು ಕೊನೆಗೂ ನೆಟ್ಟಿಗಾಗಿಯೇ ಸಂಶೋಧನಾ ಪ್ರಾಧ್ಯಾಪಕ ಹುದ್ದೆಯೊಂದನ್ನು ತೆರೆಯಿತು. ಅದನ್ನು ವಹಿಸಿಕೊಳ್ಳುವ ಮೊದಲೇ, 1912ರ ಮೇ 4ರಂದು, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 50. ಪಿಎಚ್‌.ಡಿ. ಆದಮೇಲೆ ಅವರಿಗೆ ಸಿಕ್ಕಿದ್ದು ಒಂಬತ್ತೇ ವರ್ಷ.

ಇದನ್ನೆಲ್ಲ ಒಂದು ರಾತ್ರಿ ಅಡುಗೆಮನೆಯಲ್ಲಿ ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ದಾದಿ ಹೊರಗಿನ ಮಂಚದ ಮೇಲೆ ತಸ್ಬೀಹ್ ಹಿಡಿದು ಕೂತಿದ್ದರು, ಕೇಳಿಸಿರಬೇಕು, ಏನೂ ಅನ್ನಲಿಲ್ಲ. ಅಮ್ಮಿ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಎಕ್ಸ್, ವೈ ಬಗ್ಗೆ ಏನೂ ಕೇಳಲಿಲ್ಲ. ಅವಳು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಆ ಬಾಯಿ ಕಾಲೇಜಿಗೆ ಹೋದಾಗ ನಿಜವಾಗಿಯೂ 35 ವರ್ಷವಾಗಿತ್ತೇ ಎಂದು ಎರಡು ಸಲ ಕೇಳಿದಳು.