ಮೈಕೆಲ್ ಓಶಾನೆಸ್ಸಿ

ಮೈಕೆಲ್ ಮಾರಿಸ್ ಓಶಾನೆಸ್ಸಿ (1864–1934) ಐರ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಸಿವಿಲ್ ಎಂಜಿನಿಯರ್. 1912ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಎಂಜಿನಿಯರಾಗಿ ನೇಮಕಗೊಂಡರು. 1906ರ ಭೂಕಂಪದಲ್ಲಿ ಕೊಳವೆಗಳು ಒಡೆದು, ಬೆಂಕಿ ನಂದಿಸಲು ನೀರಿಲ್ಲದೆ ಆ ನಗರದ ಬಹುಭಾಗ ಸುಟ್ಟುಹೋಗಿತ್ತು. ನೀರು ಪೂರೈಕೆ ಆಗ ಖಾಸಗಿ ಕಂಪನಿಯ ಕೈಯಲ್ಲಿತ್ತು.

ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹೆಚ್‌ಹೆಚಿ ಕಣಿವೆಯಲ್ಲಿ ಅಣೆಕಟ್ಟು ಕಟ್ಟಲು 1913ರ ರೇಕರ್ ಕಾಯಿದೆ ನಗರಕ್ಕೆ ಅನುಮತಿ ನೀಡಿತು. ಆ ನೀರನ್ನಾಗಲಿ ವಿದ್ಯುತ್ತನ್ನಾಗಲಿ ಮರುಮಾರಾಟಕ್ಕಾಗಿ ಖಾಸಗಿ ಕಂಪನಿಗಳಿಗೆ ಕೊಡಬಾರದೆಂಬುದು ಅದರ ಮುಖ್ಯ ನಿಬಂಧನೆ. ಜಾನ್ ಮ್ಯೂರ್ ಯೋಜನೆಯನ್ನು ತೀವ್ರವಾಗಿ ವಿರೋಧಿಸಿದ್ದರು. ಅಂಥ ಕಣಿವೆ ಮುಳುಗಿದ್ದು ನಷ್ಟವೇ ಸರಿ.

1923ರಲ್ಲಿ ಪೂರ್ಣಗೊಂಡ ಅಣೆಕಟ್ಟಿಗೆ ಓಶಾನೆಸ್ಸಿಯವರ ಹೆಸರನ್ನೇ ಇಡಲಾಯಿತು. ನೀರು ತರುವ ಸುರಂಗದಲ್ಲಿ 1931ರಲ್ಲಿ ಸ್ಫೋಟವಾಗಿ 12 ಕಾರ್ಮಿಕರು ಮೃತಪಟ್ಟರು. 1934ರ ಅಕ್ಟೋಬರ್ 12ರಂದು ಓಶಾನೆಸ್ಸಿ ನಿಧನರಾದರು. ಹೆಚ್‌ಹೆಚಿಯ ನೀರು ನಗರವನ್ನು ತಲುಪಿದ್ದು ಅದೇ ತಿಂಗಳ ಕೊನೆಯಲ್ಲಿ.