ಗುಬ್ಬಚ್ಚಿ ಕೊಟ್ಟ ಉತ್ತರ: ಸರ್ ರೊನಾಲ್ಡ್ ರಾಸ್ ಅವರ ಜೀವನ

ಸರ್ ರೊನಾಲ್ಡ್ ರಾಸ್ ಅವರ ಹೆಸರು ನಮ್ಮ ವಿಜ್ಞಾನ ಪಠ್ಯಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ಕಂಡುಹಿಡಿದವರು ಅವರು, 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು ಎಂಬಷ್ಟನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ನೆನಪಿಟ್ಟುಕೊಳ್ಳುತ್ತಾರೆ. ಆ ಸಿದ್ಧಾಂತದ ಸಂಪೂರ್ಣ ಪುರಾವೆ ಅವರಿಗೆ ದೊರೆತದ್ದು ಹಕ್ಕಿಗಳಲ್ಲಿ ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಅನ್ವೇಷಣೆಯ ಹಾದಿ ನಮ್ಮ ಬೆಂಗಳೂರನ್ನೂ ನಮ್ಮ ನೆರೆಯ ನೀಲಗಿರಿಯನ್ನೂ ಹಾದುಹೋಗಿದೆ ಎಂಬುದನ್ನೂ ನಾವು ಮರೆತಿದ್ದೇವೆ.

ರಾಸ್ 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ತಂದೆ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಅಧಿಕಾರಿ. ಹತ್ತು ಮಕ್ಕಳಲ್ಲಿ ಹಿರಿಯನಾದ ಬಾಲಕನನ್ನು ಎಂಟನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರಿಗೆ ಕಾವ್ಯ, ಚಿತ್ರಕಲೆ, ಸಂಗೀತ, ಗಣಿತಗಳಲ್ಲಿ ಒಲವು. ವೈದ್ಯಶಾಸ್ತ್ರದಲ್ಲಿ ಆಸಕ್ತಿಯೇ ಇರಲಿಲ್ಲ. ತಂದೆಯ ಇಚ್ಛೆಯಂತೆ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ವ್ಯಾಸಂಗ ಮುಗಿಸಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

ಸೇವೆಯ ಆರಂಭದ ವರ್ಷಗಳಲ್ಲಿ, 1883ರ ಸುಮಾರಿಗೆ, ಅವರು ಬೆಂಗಳೂರಿನ ದಂಡಿನಲ್ಲಿ ವೈದ್ಯಾಧಿಕಾರಿಯಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿರುವುದನ್ನು ಕಂಡು ಸುತ್ತಮುತ್ತ ಹುಡುಕಿದಾಗ, ಕಿಟಕಿಯ ಬಳಿಯ ನೀರಿನ ತೊಟ್ಟಿಯೊಂದರಲ್ಲಿ ಅವುಗಳ ಮರಿಗಳು ತುಂಬಿಕೊಂಡಿರುವುದು ಕಣ್ಣಿಗೆ ಬಿತ್ತು. ತೊಟ್ಟಿಯನ್ನು ಬೋರಲು ಹಾಕಿಸಿದ ಮೇಲೆ ಕಾಟ ತಗ್ಗಿತು. ಉಳಿದ ಕಡೆಗಳಲ್ಲಿಯೂ ಹೀಗೆಯೇ ಮಾಡಿಸಬಹುದೆಂದು ಅವರು ಸೂಚಿಸಿದಾಗ, ಮೇಲಿನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಜಗತ್ತಿಗೆ ಸಾರಲಿದ್ದ ಉಪಾಯದ ಮೊದಲ ಪಾಠ ಅವರಿಗೆ ದೊರೆತದ್ದು ಬೆಂಗಳೂರಿನ ಈ ತೊಟ್ಟಿಯಲ್ಲಿ.

ಮಲೇರಿಯಾ ರೋಗಿಗಳ ರಕ್ತದಲ್ಲಿ ಸೂಕ್ಷ್ಮವಾದ ಪರಾವಲಂಬಿಯೊಂದು ಇರುವುದನ್ನು ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿಯೇ ಕಂಡಿದ್ದರು. ಅದು ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ಯಾವ ದಾರಿಯಿಂದ ಹೋಗುತ್ತದೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂಬ ಹಳೆಯ ನಂಬಿಕೆ ಇನ್ನೂ ಬಲವಾಗಿತ್ತು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದ ರಾಸ್ ಅವರಿಗೆ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಆ ಪರಾವಲಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಸೊಳ್ಳೆಗಳಿಗೂ ಇದಕ್ಕೂ ಸಂಬಂಧವಿರಬಹುದೆಂಬ ತಮ್ಮ ಊಹೆಯನ್ನು ಹೇಳಿದರು. ಅಂದಿನಿಂದ ಆ ಊಹೆಯನ್ನು ಪರೀಕ್ಷಿಸುವುದೇ ರಾಸ್ ಅವರ ಜೀವನದ ಗುರಿಯಾಯಿತು.

1895ರಲ್ಲಿ ಸಿಕಂದರಾಬಾದಿಗೆ ಮರಳಿ, ಜ್ವರಪೀಡಿತರನ್ನು ಕಚ್ಚಿದ ಸೊಳ್ಳೆಗಳನ್ನು ಒಂದೊಂದಾಗಿ ಛೇದಿಸಿ ನೋಡತೊಡಗಿದರು. ಕೆಲವೇ ತಿಂಗಳಲ್ಲಿ ಸರ್ಕಾರ ಅವರನ್ನು ಕಾಲರಾ ನಿವಾರಣೆಯ ಕೆಲಸಕ್ಕಾಗಿ ಬೆಂಗಳೂರಿಗೆ ಕಳುಹಿಸಿತು, ಸಂಶೋಧನೆ ಕುಂಟಿತು. 1897ರ ಬೇಸಿಗೆಯಲ್ಲಿ ಅವರು ನೀಲಗಿರಿಗೆ ಬಂದರು. ಒಂದು ಕಾಲಕ್ಕೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1868ರಲ್ಲಿ ಪ್ರತ್ಯೇಕವಾದ ಪ್ರದೇಶವದು. ಊಟಿಯಿಂದ ಮಸಿನಗುಡಿಯ ಕಡೆಗೆ ಇಳಿಯುವ ಸೀಗೂರು ಘಟ್ಟದ ತೋಟಗಳಲ್ಲಿ ಮಲೇರಿಯಾ ಹೇರಳವಾಗಿತ್ತು. ಅದನ್ನು ಅಭ್ಯಸಿಸಲು ಹೋದ ರಾಸ್ ತಾವೇ ಆ ಜ್ವರಕ್ಕೆ ತುತ್ತಾದರು. ರೆಕ್ಕೆಯ ಮೇಲೆ ಚುಕ್ಕೆಗಳಿದ್ದು, ಬೇರೊಂದು ಭಂಗಿಯಲ್ಲಿ ಕೂರುವ ಸೊಳ್ಳೆಯನ್ನು ಅವರು ಗಮನಿಸಿದ್ದೂ ಅಲ್ಲಿಯೇ. ಅದುವರೆಗೆ ಅವರು ಪರೀಕ್ಷಿಸುತ್ತ ಬಂದಿದ್ದ ಸೊಳ್ಳೆಗಳು ಬೇರೆ ಜಾತಿಯವಾಗಿದ್ದವು.

ಸಿಕಂದರಾಬಾದಿಗೆ ಹಿಂತಿರುಗಿದ ಮೇಲೆ ಅಂಥ ಚುಕ್ಕೆರೆಕ್ಕೆಯ ಸೊಳ್ಳೆಗಳು ದೊರೆತವು. ಹುಸೇನ್ ಖಾನ್ ಎಂಬ ರೋಗಿ ಹಣ ಪಡೆದು, ಅವುಗಳಿಗೆ ತನ್ನ ಮೈಯನ್ನು ಒಡ್ಡಿದ. 1897ರ ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯ ಗುರುತಾದ ಕಪ್ಪು ಕಣಗಳುಳ್ಳ ಕೋಶಗಳು ರಾಸ್ ಅವರಿಗೆ ಕಾಣಿಸಿದವು. ಆ ದಿನವನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ.

ಆದರೆ ಅರ್ಧ ದಾರಿಯಷ್ಟೇ ಸವೆದಿತ್ತು. ಪರಾವಲಂಬಿ ಸೊಳ್ಳೆಯೊಳಗೆ ಹೋದದ್ದು ಖಚಿತವಾಗಿತ್ತು. ಅದು ಹೊರಬಂದು ಇನ್ನೊಂದು ದೇಹವನ್ನು ಸೇರುವ ಬಗೆ ತಿಳಿಯಬೇಕಿತ್ತು. ಅಷ್ಟರಲ್ಲಿ ಅವರಿಗೆ ರಾಜಪುತಾನದ ಖೇರ್ವಾಡಕ್ಕೆ ವರ್ಗವಾಯಿತು. ಅಲ್ಲಿ ಮಲೇರಿಯಾ ರೋಗಿಗಳೇ ವಿರಳ. ಅವರು ಪಾರಿವಾಳಗಳ ರಕ್ತದಲ್ಲಿರುವ ಪರಾವಲಂಬಿಗಳತ್ತ ತಿರುಗಿದರು. 1898ರ ಆರಂಭದಲ್ಲಿ ಕಲ್ಕತ್ತೆಗೆ ಬಂದಾಗ ಬೇರೊಂದು ತೊಡಕು ಎದುರಾಯಿತು. ಪ್ಲೇಗು ಮತ್ತು ಅದರ ಚುಚ್ಚುಮದ್ದಿನ ಭಯ ನಗರವನ್ನು ಆವರಿಸಿತ್ತು. ಬೆರಳಿನಿಂದ ಒಂದು ಹನಿ ರಕ್ತ ಕೊಡಲೂ ಜನ ಒಪ್ಪುತ್ತಿರಲಿಲ್ಲ. ಆಳುವವರ ಮೇಲೆ ನಂಬಿಕೆಯಿಲ್ಲದ ಜನರ ಆ ಹೆದರಿಕೆ ಅಕಾರಣವಾದದ್ದೆಂದು ಹೇಳಲಾಗದು. ರಾಸ್ ಕಾಗೆ, ಬಾನಾಡಿ, ಗುಬ್ಬಚ್ಚಿಗಳನ್ನು ಪಂಜರಗಳಲ್ಲಿ ತರಿಸಿಕೊಂಡರು. ಹಕ್ಕಿಗಳಿಗೂ ಅವುಗಳದೇ ಆದ ಮಲೇರಿಯಾ ಇದೆ; ಅದು ಮನುಷ್ಯನಿಗೆ ತಗಲುವುದಿಲ್ಲ.

ಅವರು ನಡೆಸಿದ ಒಂದು ಪ್ರಯೋಗ ಶಾಲೆಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಮೂರು ಗುಬ್ಬಚ್ಚಿಗಳು. ಒಂದರ ರಕ್ತದಲ್ಲಿ ಪರಾವಲಂಬಿ ಇರಲಿಲ್ಲ, ಇನ್ನೊಂದರಲ್ಲಿ ಸಾಧಾರಣವಾಗಿತ್ತು, ಮೂರನೆಯದರಲ್ಲಿ ಹೇರಳವಾಗಿತ್ತು. ಪ್ರತಿಯೊಂದನ್ನೂ ಕಚ್ಚಿದ ಹತ್ತು ಸೊಳ್ಳೆಗಳನ್ನು ಛೇದಿಸಿ ಕೋಶಗಳನ್ನು ಎಣಿಸಿದರು. ಮೊದಲ ಗುಂಪಿನ ಸೊಳ್ಳೆಗಳಲ್ಲಿ ಒಂದೂ ಇರಲಿಲ್ಲ. ಎರಡನೆಯದರಲ್ಲಿ 292, ಮೂರನೆಯದರಲ್ಲಿ 1,009. ಆ ವರ್ಷದ ಜುಲೈ ತಿಂಗಳಲ್ಲಿ ಪರಾವಲಂಬಿಯ ಮರಿಗಳು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರುವುದು ಕಂಡುಬಂತು. ಕಚ್ಚುವಾಗ ಜೊಲ್ಲಿನೊಡನೆ ಅವು ಹೊಸ ದೇಹವನ್ನು ಹೊಗುತ್ತವೆಂಬುದು ಆಗ ಸ್ಪಷ್ಟವಾಯಿತು. ಸೋಂಕಿನ ಸೊಳ್ಳೆಗಳಿಂದ ಕಚ್ಚಿಸಿದ 28 ಆರೋಗ್ಯವಂತ ಗುಬ್ಬಚ್ಚಿಗಳಲ್ಲಿ 22ಕ್ಕೆ ರೋಗ ತಗಲಿತು. ರೋಗದ ದಾರಿ ಆದಿಯಿಂದ ಅಂತ್ಯದವರೆಗೆ ತೆರೆದುಕೊಂಡಿತು.

ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದಲೇ ಹರಡುತ್ತದೆಂದು ತೋರಿಸಿದರು. ಯಾರು ಮೊದಲಿಗರೆಂಬ ಬಗ್ಗೆ ರಾಸ್ ಅವರೊಡನೆ ದೀರ್ಘಕಾಲ ಕಟುವಾಗಿ ಕಾದಾಡಿದರು. ಇದು ಅವರ ವ್ಯಕ್ತಿತ್ವಕ್ಕೆ ಶೋಭೆ ತರುವ ಅಧ್ಯಾಯವಲ್ಲ. ಮೈಯೊಡ್ಡಿದ ಹುಸೇನ್ ಖಾನ್, ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ದುಡಿದ ಮೊಹಮ್ಮದ್ ಬಕ್ಸ್ ಮೊದಲಾದವರ ಪಾಲಿಗೆ ಪಾರಿತೋಷಕವೂ ಬರಲಿಲ್ಲ, ಜಗಳಕ್ಕೆ ಬೇಕಾದ ಕೀರ್ತಿಯೂ ಬರಲಿಲ್ಲ. ಅವರ ಹೆಸರುಗಳನ್ನು ಇಲ್ಲಿ ಬರೆಯುವುದು ನಮ್ಮ ಕರ್ತವ್ಯ.

1899ರಲ್ಲಿ ಭಾರತದ ಸೇವೆಯಿಂದ ನಿವೃತ್ತರಾಗಿ ರಾಸ್ ಲಿವರ್‌ಪೂಲಿನಲ್ಲಿ ಅಧ್ಯಾಪಕರಾದರು. ನೊಬೆಲ್ ಪಡೆದ ಮೊದಲ ಬ್ರಿಟಿಷ್ ಪ್ರಜೆ ಅವರೇ. ಸಿಯೆರಾ ಲಿಯೋನ್, ಈಜಿಪ್ಟ್, ಮಾರಿಷಸ್‌ಗಳಿಗೆ ಹೋಗಿ, ನಿಂತ ನೀರನ್ನು ಬರಿದು ಮಾಡಿಸುವ, ಸೊಳ್ಳೆಗಳನ್ನು ತಗ್ಗಿಸುವ ಕಾರ್ಯಕ್ಕೆ ಮಾರ್ಗದರ್ಶನ ನೀಡಿದರು. ಸೊಳ್ಳೆಗಳನ್ನು ನಿರ್ನಾಮ ಮಾಡಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ಸಾಕು ಎಂಬುದನ್ನು ತಮ್ಮ ಪ್ರೀತಿಯ ಗಣಿತದಿಂದಲೇ ನಿರೂಪಿಸಿದರು. 1927ರಲ್ಲಿ ಕಲ್ಕತ್ತೆಗೆ ಬಂದು, ತಾವು ದುಡಿದ ಸ್ಥಳದಲ್ಲಿ ನಿರ್ಮಿಸಿದ್ದ ಸ್ಮಾರಕ ದ್ವಾರವನ್ನು ಕಂಡರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.

ಅವರು ತೆರೆದ ದಾರಿಯಲ್ಲಿ ಮುಂದೆ ಕೋಳಿಯೂ ಬಂತು. 1935ರಲ್ಲಿ ಎಮಿಲ್ ಬ್ರಂಪ್ಟ್ ಕೋಳಿಗಳ ಮಲೇರಿಯಾ ಪರಾವಲಂಬಿಯನ್ನು ವಿವರಿಸಿದರು. ಅದು ರಕ್ತಕ್ಕೆ ಬರುವ ಮುನ್ನ ಬೇರೆ ಅಂಗಾಂಶಗಳಲ್ಲಿ ಅಡಗಿ ಬೆಳೆಯುವುದನ್ನು 1937ರಲ್ಲಿ ಜೇಮ್ಸ್ ಮತ್ತು ಟೇಟ್ ಕೋಳಿಗಳಲ್ಲಿಯೇ ಕಂಡರು. ಮನುಷ್ಯನ ಯಕೃತ್ತಿನಲ್ಲಿಯೂ ಹೀಗೆಯೇ ನಡೆಯುತ್ತದೆಂಬುದು ತಿಳಿದದ್ದು 1948ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿದ್ಧವಾದ ಪ್ಯಾಲುಡ್ರಿನ್ ಔಷಧವನ್ನು ಮೊದಲು ಪರೀಕ್ಷಿಸಿದ್ದೂ ಕೋಳಿಮರಿಗಳ ಮೇಲೆ.

ನಮ್ಮ ಶಾಲೆಯ ಅನೇಕ ಮಕ್ಕಳ ಮನೆಯವರು ಗಡಿಯಾಚೆಯ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ದುಡಿಯುತ್ತಾರೆ. ಕೆಲವರು ಪಲ್ಲಡಂ ಸುತ್ತಿನ ಬ್ರಾಯ್ಲರ್ ಕೋಳಿ ಫಾರಂಗಳಲ್ಲಿದ್ದಾರೆ. ಅಲ್ಲಿ ಸಾಕುವವರನ್ನು ಕಾಡುವ ಕೋಳಿಗಳ ರಕ್ತಭೇದಿ, ಎಂದರೆ ಕಾಕ್ಸಿಡಿಯೋಸಿಸ್, ಮಲೇರಿಯಾದ ದೂರದ ಬಂಧುವಾದ ಪರಾವಲಂಬಿಯಿಂದಲೇ ಬರುತ್ತದೆ. ರಾಸ್ ಕೂಡ ಸೊಳ್ಳೆಯ ಜಠರದಲ್ಲಿ ಕಂಡ ಕೋಶಗಳನ್ನು ಕಾಕ್ಸಿಡಿಯ ಎಂದೇ ಕರೆದಿದ್ದರು. ಕೋಳಿಯ ಈ ರೋಗಕ್ಕೆ ಸೊಳ್ಳೆ ಬೇಕಿಲ್ಲ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಬೀಜಕೋಶ ತೇವವೂ ಬಿಸುಪೂ ಇರುವ ಹಾಸಿನಲ್ಲಿ ಒಂದೆರಡು ದಿನಗಳಲ್ಲಿ ಪಕ್ವವಾಗುತ್ತದೆ. ಮರಿ ಅದನ್ನು ಕುಕ್ಕಿ ತಿಂದಾಗ ಕರುಳಿನ ಗೋಡೆಯನ್ನು ಹೊಕ್ಕು ಹೆಚ್ಚುತ್ತದೆ. ಅದಕ್ಕೆ ಮದ್ದೂ ಇದೆ, ಲಸಿಕೆಯೂ ಇದೆ. ಆದರೆ ನೀರಿನ ತೊಟ್ಟಿ ಸೋರದಂತೆ ನೋಡಿಕೊಂಡು, ಹಾಸನ್ನು ಆಗಾಗ ಕೆದಕಿ ಒಣಗಿಸುವ ಕೆಲಸಗಾರನೂ ರೋಗದ ದಾರಿಗೆ ಅಡ್ಡಗಟ್ಟುತ್ತಾನೆ. ಬೆಂಗಳೂರಿನಲ್ಲಿ ತೊಟ್ಟಿ ಬೋರಲು ಹಾಕಿಸಿದ ರಾಸ್ ಮಾಡಿದ್ದೂ ಇದನ್ನೇ.

ಕೋಳಿ, ಕುರಿ, ದನಗಳ ಕಾಯಿಲೆಯನ್ನು ಅಭ್ಯಸಿಸುವುದು ಮನುಷ್ಯರ ವೈದ್ಯಕ್ಕಿಂತ ಕೆಳಗಿನ ವಿದ್ಯೆಯೆಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಅಂಕ ಕಡಿಮೆ ಬಂದವರಿಗೆ ಪಶುವೈದ್ಯವೆಂದು ಹೇಳುವ ಪೋಷಕರೂ ಇದ್ದಾರೆ. ಮನುಷ್ಯರಲ್ಲಿ ದೊರೆಯದ ಉತ್ತರವನ್ನು ರಾಸ್ ಅವರಿಗೆ ಕೊಟ್ಟದ್ದು ಪಂಜರದ ಗುಬ್ಬಚ್ಚಿಗಳು. ಮುಂದಿನ ನೂರು ವರ್ಷಗಳಲ್ಲಿ ಈ ಶಾಲೆಯಿಂದ ಹೊರಡುವ ಮಕ್ಕಳಲ್ಲಿ ಕೆಲವರಾದರೂ ಕೋಳಿಗೂಡಿನ, ಕೊಟ್ಟಿಗೆಯ ರೋಗಗಳ ದಾರಿಯನ್ನು ಹುಡುಕಲು ಹೊರಡಲಿ. ಅವರನ್ನು ಕಳುಹಿಸುವ ತಂದೆತಾಯಿಯರು ಅದಕ್ಕಾಗಿ ಹೆಮ್ಮೆಪಡಲಿ ಎಂದು ಈ ಶತಮಾನೋತ್ಸವದ ಸಂದರ್ಭದಲ್ಲಿ ಹಾರೈಸುತ್ತೇನೆ.